ವಿಳಾಸ ಇಲ್ಲದೆ ಅಕೌಂಟ್ ಇಲ್ಲ, ಅಕೌಂಟ್ ಇಲ್ಲದೆ ಮನೆ ಇಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇರೆ ದೇಶಕ್ಕೆ ಹೋಗಿ ಅಲ್ಲಿ ಬ್ಯಾಂಕ್ ಅಕೌಂಟ್ ತೆರೆಯುವುದು ಹೇಗೆ ಅಂತ ಕೇಳಿರುವ ಪತ್ರಗಳೇ ಈ ಸಲ ಜಾಸ್ತಿ. ಅದಕ್ಕೇ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ಎತ್ತಿಕೊಂಡಿದ್ದೇನೆ. ನಿಯಮಗಳು ಬದಲಾಗುತ್ತಿರುತ್ತವೆ, ಒಂದೇ ಊರಿನ ಎರಡು ಬ್ಯಾಂಕುಗಳಲ್ಲೂ ಬೇರೆ ಬೇರೆ ಇರುತ್ತವೆ. ಹಾಗಾಗಿ ಹೋಗುವ ಮೊದಲು ನಿಮ್ಮ ಬ್ಯಾಂಕಿನ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮಾಸ್ಟರ್ಸ್ ಓದಲು ಜರ್ಮನಿಗೆ ಹೊರಟಿದ್ದೇನೆ. ಅಕೌಂಟ್ ತೆರೆಯಲು ಅಲ್ಲಿನ ವಿಳಾಸ ಬೇಕಂತೆ. ಮನೆ ಕೊಡುವವರು ನೋಡಿದರೆ ಅಲ್ಲಿನ ಅಕೌಂಟ್ ಇದೆಯಾ ಅಂತ ಕೇಳುತ್ತಾರಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ವಿಳಾಸದಿಂದ ಶುರು ಮಾಡಿ. ಪತ್ರ ಬರೆದ ಬಹಳ ಮಂದಿ ದುಡ್ಡಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ, ಕನಿಷ್ಠ ಎಷ್ಟು ಇಡಬೇಕು, ಎಷ್ಟು ತೋರಿಸಬೇಕು ಅಂತ. ಅಕೌಂಟ್ ನಿಂತುಹೋಗುವುದು ದುಡ್ಡಿಗಲ್ಲ, ವಿಳಾಸಕ್ಕೆ. ಬ್ಯಾಂಕಿನವರಿಗೆ ಗೊತ್ತಾಗಬೇಕಾದದ್ದು ಮೂರೇ ವಿಷಯ: ನೀವು ಯಾರು, ಎಲ್ಲಿ ಇದ್ದೀರಿ, ದುಡ್ಡು ಎಲ್ಲಿಂದ ಬರುತ್ತದೆ. ಯಾರು ಅನ್ನುವುದಕ್ಕೆ ಪಾಸ್‌ಪೋರ್ಟ್ ಇದೆ. ದುಡ್ಡಿಗೆ ಯೂನಿವರ್ಸಿಟಿಯ ಪ್ರವೇಶ ಪತ್ರವೋ ಕೆಲಸದ ಪತ್ರವೋ ಸಾಕು. ನಡುವಿನದ್ದೇ ಕಗ್ಗಂಟು.

ಜರ್ಮನಿಯಲ್ಲಿ ಹೊಸ ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಬರೀ ಬಾಡಿಗೆ ಕರಾರು ಹಿಡಿದುಕೊಂಡು ಹೋದರೆ ಆಗುವುದಿಲ್ಲ. ಇವರು ಇಂಥ ದಿನದಿಂದ ನನ್ನ ಮನೆಯಲ್ಲಿದ್ದಾರೆ ಅಂತ ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇರೆಯೇ ಬೇಕು. ಆದ್ದರಿಂದ ಮನೆ ನೋಡುವಾಗ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು "ಇಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದಾ?" ಅಂತ ಕೇಳಿ. ಕೆಲವು ತಾತ್ಕಾಲಿಕ ಮನೆಗಳಲ್ಲಿ ಮಾಲೀಕರು ಅದಕ್ಕೆ ಒಪ್ಪುವುದೇ ಇಲ್ಲ, ಅಂಥ ಮನೆ ಎಷ್ಟೇ ಅಗ್ಗವಾಗಿದ್ದರೂ ನಿಮಗೆ ಉಪಯೋಗವಿಲ್ಲ. ಮೊದಲ ಕೆಲವು ತಿಂಗಳಿಗೆ ಯೂನಿವರ್ಸಿಟಿಯ ಹಾಸ್ಟೆಲ್ ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ, ಅಲ್ಲಿ ಈ ಪತ್ರ ಕೊಡುವುದು ಅವರಿಗೆ ಮಾಮೂಲಿ ಕೆಲಸ. ನೋಂದಣಿ ಆದ ಮೇಲೆ ಕಚೇರಿಯವರು ಒಂದು ಹಾಳೆ ಕೊಡುತ್ತಾರೆ. ಆ ಒಂದು ಹಾಳೆ ಕೈಯಲ್ಲಿದ್ದರೆ ಬ್ಯಾಂಕು, ಫೋನ್ ಕನೆಕ್ಷನ್, ಎಲ್ಲವೂ ಸಲೀಸು.

ಇನ್ನೊಂದು ಚಿಕ್ಕ ವಿಷಯ, ಯಾರೂ ಮೊದಲೇ ಹೇಳುವುದಿಲ್ಲ. ಅಲ್ಲಿನ ಅಪಾರ್ಟ್‌ಮೆಂಟ್ ವಿಳಾಸಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ, ಬೀದಿಯ ಹೆಸರು ಮತ್ತು ಕಟ್ಟಡದ ನಂಬರ್ ಅಷ್ಟೇ. ಪೋಸ್ಟ್‌ಮ್ಯಾನ್ ಕೆಳಗಿನ ಅಂಚೆ ಡಬ್ಬಿಗಳ ಮೇಲಿರುವ ಹೆಸರು ನೋಡಿ ಕಾಗದ ಹಾಕುತ್ತಾನೆ. ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಬ್ಯಾಂಕಿನವರು ಕಾರ್ಡನ್ನು ಒಂದು ಲಕೋಟೆಯಲ್ಲಿ, ಪಿನ್ ನಂಬರನ್ನು ಇನ್ನೊಂದರಲ್ಲಿ, ಬೇರೆ ಬೇರೆ ದಿನ ಕಳಿಸುತ್ತಾರೆ. ಎರಡೂ ವಾಪಸ್ ಹೋದರೆ ಅಕೌಂಟ್ ತೆರೆದೂ ಬಳಸಲಾಗದೆ ಕೂರಬೇಕು. ಮನೆಗೆ ಹೋದ ದಿನವೇ ಒಂದು ಚೀಟಿಯಲ್ಲಿ, ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರು ಬರೆದು ಡಬ್ಬಿಗೆ ಅಂಟಿಸಿ. ಈಗಾಗಲೇ ಯಾರದೋ ಹೆಸರಿದ್ದರೆ ಅದರ ಕೆಳಗೆ ನಿಮ್ಮದೂ ಇರಲಿ.

ವೀಸಾಗೆ ಅಂತ ಮಾಡಿಸುವ ಬ್ಲಾಕ್ಡ್ ಅಕೌಂಟ್ ಇದೆಯಲ್ಲ, ಅದೇ ಸಾಕು ಅಂದುಕೊಳ್ಳಬೇಡಿ. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು ಅಂತಾಗಿದೆ. ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೊ ನಿಮ್ಮ ದಿನಬಳಕೆಯ ಅಕೌಂಟಿಗೆ ಬರುತ್ತದೆ. ಆ ದಿನಬಳಕೆಯ ಅಕೌಂಟ್ ಇಲ್ಲದಿದ್ದರೆ ನಿಮ್ಮದೇ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಹಾಗಾಗಿ ಮೊದಲ ತಿಂಗಳ ಖರ್ಚಿಗೆ ಬೇರೆ ಕಾರ್ಡಿನಲ್ಲಿ ದುಡ್ಡು ಇರಲಿ. ಮನೆ ಮಾಲೀಕರಿಗೆ ಮೊದಲ ಬಾಡಿಗೆ ನಿಮ್ಮ ಹಳೆಯ ಅಕೌಂಟಿನಿಂದಲೇ ಕಳಿಸಬಹುದು, ತುಂಬ ಜನ ಒಪ್ಪುತ್ತಾರೆ, ಕೇಳಿ ನೋಡಿ. ಆದರೆ ಮನೆ ನೋಡದೆ, ಕರಾರಿಗೆ ಸಹಿಯಾಗದೆ ಅಡ್ವಾನ್ಸ್ ಮಾತ್ರ ಕಳಿಸಬೇಡಿ. ಹೊಸದಾಗಿ ಬರುವವರನ್ನೇ ಹುಡುಕಿ ಮೋಸ ಮಾಡುವವರಿದ್ದಾರೆ.

ಪ್ರಶ್ನೆ: ಹೊರಡುವ ಮೊದಲೇ, ಇಲ್ಲಿಂದಲೇ ಅಕೌಂಟ್ ತೆರೆಯಲು ಆಗುವುದಿಲ್ಲವೇ?

ಉತ್ತರ: ಕೆಲವು ಕಡೆ ಆಗುತ್ತದೆ. ಆಸ್ಟ್ರೇಲಿಯಾದ ಕೆಲವು ದೊಡ್ಡ ಬ್ಯಾಂಕುಗಳಲ್ಲಿ ಹೋಗುವ ಮೊದಲೇ ಆನ್‌ಲೈನ್‌ನಲ್ಲಿ ತೆರೆದು ದುಡ್ಡು ಹಾಕಿಡಬಹುದು. ಆದರೆ ತೆಗೆಯಬೇಕಾದರೆ ಅಲ್ಲಿ ಇಳಿದು, ಬ್ರಾಂಚಿಗೆ ಹೋಗಿ, ಪಾಸ್‌ಪೋರ್ಟ್ ತೋರಿಸಬೇಕು. ಬಹಳಷ್ಟು ದೇಶಗಳಲ್ಲಿ ಹೋದ ಮೇಲೆಯೇ. ಮಧ್ಯದಲ್ಲಿ ಯಾರೋ ಏಜೆಂಟ್ "ದುಡ್ಡು ಕೊಡಿ, ಅಕೌಂಟ್ ಮಾಡಿಸಿ ಕೊಡುತ್ತೇನೆ" ಅಂದರೆ ಬೇಡ ಅನ್ನಿ.

ಪ್ರಶ್ನೆ: ಯೂರೋಪಿನ ಒಂದು ದೇಶದಲ್ಲಿ ಕಾನೂನುಬದ್ಧವಾಗಿಯೇ ಇದ್ದೇನೆ. ಎರಡು ಬ್ಯಾಂಕಿನವರು "ನಿಮಗೆ ಕೊಡಲು ಆಗುವುದಿಲ್ಲ" ಅಂತ ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಕಾರಣವನ್ನೂ ಹೇಳಲಿಲ್ಲ. ಏನು ಮಾಡಲಿ?

ಉತ್ತರ: ಇದನ್ನು ಓದಿ ನನಗೆ ಸಿಟ್ಟು ಬಂತು. ನಿಮ್ಮ ದೇಶ ಯೂರೋಪಿಯನ್ ಒಕ್ಕೂಟದ್ದಾಗಿದ್ದರೆ, ನಿಮಗೆ ಅಲ್ಲಿ ಹಕ್ಕಿದೆ. 2014ರಲ್ಲಿ ಒಕ್ಕೂಟ ಒಂದು ನಿಯಮ ತಂದಿದೆ. ಒಕ್ಕೂಟದ ಒಳಗೆ ಕಾನೂನುಬದ್ಧವಾಗಿ ಇರುವ ಯಾರೇ ಆಗಲಿ, ಯಾವ ದೇಶದವರೇ ಆಗಲಿ, ಅವರಿಗೆ ಒಂದು ಸಾದಾ ಅಕೌಂಟ್ ಸಿಗಬೇಕು ಅಂತ. ಸಂಬಳ ಜಮಾ ಆಗಬೇಕು, ದುಡ್ಡು ತೆಗೆಯಲು ಬರಬೇಕು, ಬಿಲ್ ಕಟ್ಟಲು ಬರಬೇಕು, ಅಷ್ಟು ಇರುವ ಅಕೌಂಟ್. ಖಾಯಂ ವಿಳಾಸ ಇಲ್ಲದವರಿಗೂ, ಆಶ್ರಯ ಕೇಳಿ ಬಂದವರಿಗೂ ಈ ಹಕ್ಕು ಇದೆ. ಅರ್ಜಿ ಪೂರ್ತಿಯಾಗಿ ಕೊಟ್ಟ ಮೇಲೆ 10 ಕೆಲಸದ ದಿನಗಳ ಒಳಗೆ ಬ್ಯಾಂಕು ತೆರೆಯಬೇಕು, ಇಲ್ಲವೇ ಆಗುವುದಿಲ್ಲ ಅನ್ನಬೇಕು. ಆಗುವುದಿಲ್ಲ ಅಂದರೆ ಬರವಣಿಗೆಯಲ್ಲಿ ತಿಳಿಸಬೇಕು, ಕಾರಣವನ್ನೂ ಕೊಡಬೇಕು. ದೇಶದ ಭದ್ರತೆ ಅಥವಾ ಅಕ್ರಮ ಹಣದ ತನಿಖೆಯಂಥ ಸಂಗತಿ ಇದ್ದರೆ ಮಾತ್ರ ಕಾರಣ ಹೇಳದೆ ಇರಬಹುದು.

ಈಗ ಕೌಂಟರಿನಲ್ಲಿ ಏನಾಗುತ್ತದೆ ನೋಡಿ. ನೀವು ಹೋಗಿ "ಒಂದು ಅಕೌಂಟ್ ಬೇಕಿತ್ತು" ಅನ್ನುತ್ತೀರಿ. ಅವರು ಕಂಪ್ಯೂಟರಿನಲ್ಲಿ ಮಾಮೂಲಿ ಅಕೌಂಟಿನ ಪುಟ ತೆರೆಯುತ್ತಾರೆ. ಅದರಲ್ಲಿ ಓವರ್‌ಡ್ರಾಫ್ಟು, ಕ್ರೆಡಿಟ್ ಕಾರ್ಡು ಎಲ್ಲ ಸೇರಿರುತ್ತದೆ, ಅದಕ್ಕೆ ಹಳೆಯ ಸಾಲದ ಚರಿತ್ರೆ ಬೇಕು, ನಿಮಗೆ ಅದಿಲ್ಲ, ಅಲ್ಲಿಗೆ ಮುಗಿಯಿತು. ಅವರು ಸುಳ್ಳು ಹೇಳಿಲ್ಲ, ಆದರೆ ನೀವು ಕೇಳಬೇಕಾದ ಅಕೌಂಟ್ ಅದಲ್ಲ. ಆ ದೇಶದಲ್ಲಿ ಸಾದಾ ಅಕೌಂಟಿಗೆ ಏನು ಹೆಸರೋ ಅದನ್ನೇ ಹೇಳಿ ಕೇಳಿ. ಜರ್ಮನಿಯಲ್ಲಾದರೆ ಬಾಸಿಸ್‌ಕೊಂಟೊ. ಅದಕ್ಕೆ ಬೇರೆಯದೇ ಅರ್ಜಿ ಇರುತ್ತದೆ. ತುಂಬಿ ಕೊಡಿ, ಕೊಟ್ಟ ದಿನಾಂಕ ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ "ಇಲ್ಲ" ತೆಗೆದುಕೊಂಡು ಎಲ್ಲಿಗೂ ಹೋಗಲಾಗುವುದಿಲ್ಲ. ಕಾಗದದ "ಇಲ್ಲ" ಇದ್ದರೆ ದೂರು ಕೊಡಬಹುದು. ಫ್ರಾನ್ಸಿನಲ್ಲಂತೂ ಆ ನಿರಾಕರಣೆ ಪತ್ರ ಹಿಡಿದು ಅಲ್ಲಿನ ಕೇಂದ್ರೀಯ ಬ್ಯಾಂಕ್ ಆದ ಬಾಂಕ್ ದ ಫ್ರಾನ್ಸ್‌ಗೆ ಹೋದರೆ, ನಿಮಗೆ ಅಕೌಂಟ್ ತೆರೆಯಲೇಬೇಕಾದ ಒಂದು ಬ್ಯಾಂಕನ್ನು ಅವರೇ ಗೊತ್ತು ಮಾಡಿ ಕೊಡುತ್ತಾರೆ.

ಕೆನಡಾದಲ್ಲೂ ಇಂಥದ್ದೇ ಹಕ್ಕಿದೆ. ಕೆಲಸ ಇಲ್ಲ, ಮೊದಲಿಗೆ ಇಡಲು ದುಡ್ಡಿಲ್ಲ ಅನ್ನುವ ಕಾರಣಕ್ಕೆ ಬ್ಯಾಂಕು ಅಕೌಂಟ್ ನಿರಾಕರಿಸುವಂತಿಲ್ಲ. ಸರಿಯಾದ ಗುರುತಿನ ಪತ್ರ ಇದ್ದರೆ ಸಾಕು.

ಪ್ರಶ್ನೆ: ಅಮೆರಿಕಕ್ಕೆ ಹೊಸದಾಗಿ ಬಂದಿದ್ದೇನೆ, ಇಲ್ಲಿನ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯೂರಿಟಿ ನಂಬರ್ ಇನ್ನೂ ಬಂದಿಲ್ಲ. ಅದಿಲ್ಲದೆ ಬ್ಯಾಂಕ್ ಅಕೌಂಟ್ ಸಾಧ್ಯವೇ ಇಲ್ಲ ಅಂತ ರೂಮ್‌ಮೇಟ್ ಹೇಳುತ್ತಾನೆ.

ಉತ್ತರ: ಸಾಧ್ಯವಿದೆ. 2001ರ ಪೇಟ್ರಿಯಟ್ ಆಕ್ಟ್ ಆದ ಮೇಲೆ ಅಲ್ಲಿನ ಬ್ಯಾಂಕುಗಳು ಗ್ರಾಹಕರ ಗುರುತು ಪರೀಕ್ಷಿಸುವ ನಿಯಮ ಬಂತು. ಹೆಸರು, ಹುಟ್ಟಿದ ದಿನ, ವಿಳಾಸ, ಒಂದು ಗುರುತಿನ ನಂಬರ್, ಇಷ್ಟು ಕಡ್ಡಾಯ. ಹೊರದೇಶದವರಿಗೆ ಆ ನಂಬರ್ ಪಾಸ್‌ಪೋರ್ಟಿನದ್ದೂ ಆಗಬಹುದು, ಅದನ್ನು ಕೊಟ್ಟ ದೇಶದ ಹೆಸರಿನ ಜೊತೆ. ಅಂದರೆ ಕಾನೂನು ಅಡ್ಡಿ ಮಾಡುವುದಿಲ್ಲ. ಬ್ಯಾಂಕು ತನ್ನ ಕಡೆಯಿಂದ ಜಾಸ್ತಿ ಕೇಳಬಹುದು, ಕೆಲವು ಕೇಳುತ್ತವೆ ಕೂಡ.

ಆನ್‌ಲೈನ್ ಅರ್ಜಿಯಲ್ಲಿ ಸೋಶಿಯಲ್ ನಂಬರಿನ ಜಾಗ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ, ನಿಮ್ಮ ರೂಮ್‌ಮೇಟ್ ಅಲ್ಲೇ ನಿಂತಿರಬೇಕು. ಬ್ರಾಂಚಿಗೆ ಹೋಗಿ. ಅದರಲ್ಲೂ ಯೂನಿವರ್ಸಿಟಿ ಹತ್ತಿರದ ಬ್ರಾಂಚಿಗೆ ಹೋಗಿ, ಅಲ್ಲಿನ ಸಿಬ್ಬಂದಿ ವರ್ಷಕ್ಕೆ ಎಷ್ಟೋ ಜನ ಹೊಸಬರನ್ನು ನೋಡಿರುತ್ತಾರೆ. ಪಾಸ್‌ಪೋರ್ಟ್, ವೀಸಾ, ವಿದ್ಯಾರ್ಥಿಯಾದರೆ ಯೂನಿವರ್ಸಿಟಿ ಕೊಟ್ಟ ಐ-20 ಪತ್ರ, ವಿಳಾಸ ಇರುವ ಒಂದು ಕಾಗದ ಒಯ್ಯಿರಿ. ಅಲ್ಲಿನ ತೆರಿಗೆ ಲೆಕ್ಕದಲ್ಲಿ ನೀವು ಇನ್ನೂ ನಿವಾಸಿ ಆಗಿಲ್ಲದಿದ್ದರೆ ಡಬ್ಲ್ಯೂ-8ಬೆನ್ ಅನ್ನುವ ಫಾರಂ ಕೊಡುತ್ತಾರೆ, ಗಾಬರಿ ಬೇಡ, ತುಂಬಿ ಸಹಿ ಹಾಕಿ. ಸೋಶಿಯಲ್ ನಂಬರ್ ಬಂದ ಮೇಲೆ ಬ್ಯಾಂಕಿಗೆ ತಿಳಿಸಿ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದೆ, ಸರ್‌ನೇಮ್ ಜಾಗ ಖಾಲಿ. ಬ್ಯಾಂಕಿನ ಆ್ಯಪ್ ಪದೇ ಪದೇ ತಿರಸ್ಕರಿಸುತ್ತಿದೆ.

ಉತ್ತರ: ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ, ದೊಡ್ಡ ಅಕ್ಷರಗಳೂ ಬಾಣದ ತಲೆಯಂಥ ಗುರುತುಗಳೂ ಇರುವ ಎರಡು ಸಾಲು ನೋಡಿ. ಒಂದೊಂದರಲ್ಲೂ 44 ಸ್ಥಾನ. ಆ್ಯಪ್ ಓದುವುದು ಮೇಲಿನ ಅಂದವಾದ ಅಚ್ಚನ್ನಲ್ಲ, ಈ ಸಾಲುಗಳನ್ನು. ಮೊದಲ ಸಾಲಿನಲ್ಲಿ ಹೆಸರಿಗೆ ಸಿಗುವುದು 39 ಸ್ಥಾನ ಮಾತ್ರ, ಹೆಸರು ಅದಕ್ಕಿಂತ ಉದ್ದ ಇದ್ದರೆ ಕತ್ತರಿಸಿಬಿಡುತ್ತದೆ. ಸರ್‌ನೇಮ್ ಮುಗಿದು ಉಳಿದ ಹೆಸರು ಶುರುವಾಗುವಲ್ಲಿ ಎರಡು ಬಾಣ ಇರುತ್ತವೆ. ನೀವು ಅರ್ಜಿಯಲ್ಲಿ ಟೈಪ್ ಮಾಡಿದ್ದು ಆ ಸಾಲಿಗೆ ಹೊಂದದಿದ್ದರೆ ಮಷೀನು "ಬೇರೆ ವ್ಯಕ್ತಿ" ಅಂತ ತಿಳಿಯುತ್ತದೆ.

ಒಂದೇ ಹೆಸರಿನವರಿಗೆ ಈ ತೊಂದರೆ ಎಲ್ಲ ಕಡೆ ಇದೆ. ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ಇಲ್ಲದವರಿಗೆ ಆ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅನ್ನುವ ಅರ್ಥದಲ್ಲಿ. ಮುಂದೆ ಅದೇ ಹೆಸರಿನ ಹಾಗೆ ಕಾರ್ಡಿನ ಮೇಲೂ ಬಂದು ಕೂರುತ್ತದೆ. ಆ್ಯಪ್ ಬಿಟ್ಟುಬಿಡಿ. ಮನುಷ್ಯರು ಕೂತಿರುವ ಬ್ರಾಂಚಿಗೆ ಹೋಗಿ, ವೀಸಾ, ವಾಸದ ಕಾರ್ಡು, ಕೆಲಸದ ಪತ್ರ, ಎಲ್ಲದರಲ್ಲೂ ಹೆಸರು ಯಾವ ಕ್ರಮದಲ್ಲಿದೆ ಅಂತ ತೋರಿಸಿ, ಅಕೌಂಟಿನಲ್ಲೂ ಅದೇ ಕ್ರಮ ಬರೆಸಿ. ನಂತರ ಪಾಸ್‌ಪೋರ್ಟ್ ಬದಲಾಯಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ. ಅಕೌಂಟ್ ಒಂದು ಹೆಸರಲ್ಲಿ, ಸಂಬಳ ಇನ್ನೊಂದು ಹೆಸರಲ್ಲಿ ಆದರೆ ದುಡ್ಡು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ: ಜಪಾನಿನಲ್ಲಿ ಆರು ತಿಂಗಳು ಕಾಯಬೇಕು ಅನ್ನುತ್ತಾರೆ, ನಿಜವೇ?

ಉತ್ತರ: ಅರ್ಧ ನಿಜ. ಬಂದು ಆರು ತಿಂಗಳಾಗದ, ಅಲ್ಲಿ ಕೆಲಸವೂ ಇಲ್ಲದ ಹೊರದೇಶದವರನ್ನು ಅಲ್ಲಿನ ವಿದೇಶಿ ವಿನಿಮಯ ಕಾನೂನು ಅನಿವಾಸಿ ಅಂತ ಲೆಕ್ಕ ಹಾಕುತ್ತದೆ. ಅದಕ್ಕೇ ಹಲವು ಬ್ಯಾಂಕುಗಳು ಕಾಯಿರಿ ಅನ್ನುತ್ತವೆ. ಅಲ್ಲಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ಆ ತೊಡಕಿಲ್ಲ, ಕೆಲಸದ ಪತ್ರ ತೋರಿಸಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಂಚೆ ಇಲಾಖೆಯ ಹಿನ್ನೆಲೆಯ ಜಪಾನ್ ಪೋಸ್ಟ್ ಬ್ಯಾಂಕಿಗೆ ಹೋಗುತ್ತಾರೆ. ಅಲ್ಲೂ ವಾಸದ ಕಾರ್ಡ್ ಬೇಕು. ನೆಲೆಯಾದ 14 ದಿನಗಳ ಒಳಗೆ ನಗರ ಕಚೇರಿಗೆ ಹೋಗಿ ಆ ಕಾರ್ಡಿನ ಹಿಂಬದಿಗೆ ವಿಳಾಸ ಬರೆಸಿಕೊಳ್ಳಬೇಕು, ಅದಾದ ಮೇಲೆ ಬ್ಯಾಂಕು. ನಿಮ್ಮ ಹೆಸರನ್ನು ಕಟಕಾನಾ ಲಿಪಿಯಲ್ಲಿ ಹೇಗೆ ಬರೆಯಬೇಕು ಅಂತ ಮೊದಲ ದಿನವೇ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ, ಯಾಕೆಂದರೆ ಅಲ್ಲಿ ದುಡ್ಡಿನ ವರ್ಗಾವಣೆ ನಡೆಯುವುದು ಆ ಲಿಪಿಯ ಹೆಸರಿನಲ್ಲೇ, ಒಂದು ಅಕ್ಷರ ಆಚೀಚೆ ಆದರೂ ಸಂಬಳ ವಾಪಸ್ ಹೋಗಬಹುದು. ವೀಸಾ ನವೀಕರಿಸಿದಾಗ ಹೊಸ ಕಾರ್ಡನ್ನು ಬ್ಯಾಂಕಿಗೆ ತೋರಿಸುವುದನ್ನೂ ಮರೆಯಬೇಡಿ, ಹಳೆಯ ಕಾರ್ಡಿನ ಅವಧಿ ಮುಗಿದಿದೆ ಅಂತ ಅಕೌಂಟ್ ತಡೆಹಿಡಿದುಬಿಡುತ್ತಾರೆ.

ಪ್ರಶ್ನೆ: ಅಕೌಂಟ್ ತೆರೆಯುವಾಗ "ನೀವು ಯಾವ ಯಾವ ದೇಶದಲ್ಲಿ ತೆರಿಗೆ ನಿವಾಸಿ" ಅಂತ ಫಾರಂ ಕೊಟ್ಟರು. ನಮ್ಮ ವಿಷಯ ಸರ್ಕಾರಗಳಿಗೆ ಹೋಗುತ್ತದೆಯೇ?

ಉತ್ತರ: ಹೋಗಬಹುದು, ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಹಲವು ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ, ಬ್ಯಾಂಕ್ ಅಕೌಂಟಿನ ಮಾಹಿತಿಯನ್ನು ದೇಶಗಳು ಒಂದಕ್ಕೊಂದು ಕೊಡುವ ವ್ಯವಸ್ಥೆಯನ್ನು 2014ರಲ್ಲಿ ರೂಪಿಸಿತು, 2017ರಿಂದ ಆ ವಿನಿಮಯ ಶುರುವಾಯಿತು, ಈಗ ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಅದರಲ್ಲಿವೆ. ಅಮೆರಿಕ ಮಾತ್ರ ಇದೇ ಕೆಲಸಕ್ಕೆ 2010ರಲ್ಲಿ ಮಾಡಿದ ತನ್ನದೇ ಕಾನೂನನ್ನು ನಡೆಸಿಕೊಂಡು ಬಂದಿದೆ. ನೀವು ಒಂದು ದೇಶದ ತೆರಿಗೆ ನಿವಾಸಿಯಾಗಿದ್ದು ಇನ್ನೊಂದು ದೇಶದಲ್ಲಿ ಅಕೌಂಟ್ ಇಟ್ಟರೆ ಹೆಸರು, ವಿಳಾಸ, ಅಕೌಂಟಿನಲ್ಲಿರುವ ದುಡ್ಡು, ಬಡ್ಡಿ ಇವೆಲ್ಲ ನಿಮ್ಮ ತೆರಿಗೆ ದೇಶಕ್ಕೆ ಹೋಗುತ್ತವೆ. ಪೌರತ್ವ ಬೇರೆ, ತೆರಿಗೆ ನಿವಾಸ (ತೆರಿಗೆಯ ಲೆಕ್ಕಕ್ಕೆ ನೀವು ಯಾವ ದೇಶದವರು ಅನ್ನುವುದು) ಬೇರೆ, ಇದನ್ನು ಬೆರೆಸಬೇಡಿ. ವರ್ಷದ ಮಧ್ಯೆ ದೇಶ ಬದಲಾಯಿಸಿದವರಿಗೆ ಎರಡೂ ಕಡೆ ಇರಬಹುದು. ಇದ್ದದ್ದನ್ನು ಇದ್ದಹಾಗೆ ಬರೆಯಿರಿ, ಮುಂದೆ ಬದಲಾದರೆ ಬ್ಯಾಂಕಿಗೆ ತಿಳಿಸಿ.

ಪ್ರಶ್ನೆ: ಆ್ಯಪ್‌ನಲ್ಲೇ ಹತ್ತಾರು ಕರೆನ್ಸಿ ಇಟ್ಟುಕೊಳ್ಳುವ ಅಕೌಂಟ್ ಇದೆಯಲ್ಲ, ಬ್ಯಾಂಕ್ ಯಾಕೆ ಬೇಕು?

ಉತ್ತರ: ಮೊದಲ ಕೆಲವು ವಾರಕ್ಕೆ ಅದು ನಿಜಕ್ಕೂ ಒಳ್ಳೆಯದು, ನಾನೂ ಹೇಳುತ್ತೇನೆ, ಇಟ್ಟುಕೊಳ್ಳಿ. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಬ್ಯಾಂಕ್ ಲೈಸೆನ್ಸ್ ಇರುವ ಸಂಸ್ಥೆ ಮುಳುಗಿದರೆ ಠೇವಣಿ ವಿಮೆ ಇದೆ, ಯೂರೋಪಿಯನ್ ಒಕ್ಕೂಟದಲ್ಲಿ ಒಂದು ಬ್ಯಾಂಕಿಗೆ ಒಬ್ಬರಿಗೆ 1,00,000 ಯೂರೊವರೆಗೆ, ಅಮೆರಿಕದಲ್ಲಿ 2,50,000 ಡಾಲರ್‌ವರೆಗೆ. ಬರೀ ಇ-ಮನಿ ಲೈಸೆನ್ಸ್, ಅಂದರೆ ಬ್ಯಾಂಕ್ ಆಗದೆ ದುಡ್ಡು ಇಟ್ಟು ಕಳಿಸುವ ಅನುಮತಿ, ಇರುವ ಆ್ಯಪ್‌ನಲ್ಲಿ ಆ ವಿಮೆ ಇಲ್ಲ. ಗ್ರಾಹಕರ ದುಡ್ಡನ್ನು ಬೇರೆ ಇಡಬೇಕು ಅನ್ನುವ ನಿಯಮ ಇದೆ ಅಷ್ಟೇ. ವರ್ಷದ ಫೀಸು ಅದರಲ್ಲಿ ಇಡಬೇಡಿ.

ಅಂದ ಹಾಗೆ, ಐಬ್ಯಾನ್ ಅನ್ನುವ ಅಂತರರಾಷ್ಟ್ರೀಯ ಅಕೌಂಟ್ ನಂಬರಿನ ಮೊದಲ ಎರಡು ಅಕ್ಷರ ದೇಶ ಹೇಳುತ್ತವೆ. ನಿಮ್ಮ ಆ್ಯಪ್ ಬೇರೆ ದೇಶದ್ದಾದರೆ ನೋಡಿದ ತಕ್ಷಣ "ನಮ್ಮ ದೇಶದ್ದೇ ಬೇಕು" ಅನ್ನುವ ಕಂಪನಿಗಳಿವೆ. ಒಕ್ಕೂಟದ ಒಳಗೆ ಯೂರೊ ಪಾವತಿಗೆ ಹಾಗೆ ನಿರಾಕರಿಸುವುದು 2012ರ ನಿಯಮಕ್ಕೆ ವಿರುದ್ಧ. ಸಂಬಳ ವಿಭಾಗದವರಿಗೆ ನಯವಾಗಿ ತಿಳಿಸಿ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಪ್ರಶ್ನೆ: ಫೀಸಿಗೆ ಅಂತ ಮನೆಯವರು ಕಳಿಸಿದ ದುಡ್ಡು ಸ್ವಲ್ಪ ಕಡಿಮೆ ಬಂದು ಮುಟ್ಟಿತು. ಯಾರು ಹಿಡಿದುಕೊಂಡರು?

ಉತ್ತರ: ನಡುವಿನ ಬ್ಯಾಂಕು. ದೇಶದಿಂದ ದೇಶಕ್ಕೆ ಬ್ಯಾಂಕುಗಳನ್ನು ಜೋಡಿಸುವ ಸ್ವಿಫ್ಟ್ ಜಾಲದಲ್ಲಿ ಕಳಿಸುವಾಗ ಶುಲ್ಕ ಯಾರದು ಅಂತ ಒಂದು ಆಯ್ಕೆ ಇರುತ್ತದೆ. "ಔರ್" ಅಂತ ಗುರುತು ಹಾಕಿದರೆ ಕಳಿಸುವವರೇ ಎಲ್ಲ ಶುಲ್ಕ ಕಟ್ಟುತ್ತಾರೆ. "ಶಾ" ಅಂದರೆ ಹಂಚಿಕೆ, ದಾರಿಯಲ್ಲಿ ಕತ್ತರಿಸಿಕೊಳ್ಳಬಹುದು. ಫೀಸಿನಂಥ ಕರಾರುವಾಕ್ಕಾದ ಮೊತ್ತಕ್ಕೆ ಮೊದಲನೆಯದೇ ಸರಿ.

ಪ್ರಶ್ನೆ: ಜೊತೆಗೆ ಓದುವ ಒಬ್ಬರು "ನಿನ್ನ ಅಕೌಂಟಿಗೆ ಸ್ವಲ್ಪ ದುಡ್ಡು ಬರುತ್ತೆ, ನೀನು ಇನ್ನೊಂದು ಕಡೆ ಕಳಿಸು, ಕಮಿಷನ್ ಕೊಡ್ತೀನಿ" ಅನ್ನುತ್ತಿದ್ದಾರೆ. ಸಹಾಯ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಎಷ್ಟೇ ಆಪ್ತರಾಗಿರಲಿ, ಎಷ್ಟೇ ಕಷ್ಟ ಹೇಳಿಕೊಳ್ಳಲಿ, ಬೇಡ. ಯಾರದೋ ಮೋಸದ ದುಡ್ಡು ದಾಟಿಸುವುದಕ್ಕೆ ಹೊಸದಾಗಿ ಬಂದವರ ಅಕೌಂಟನ್ನೇ ಹುಡುಕುತ್ತಾರೆ, ಯಾಕೆಂದರೆ ಹೊಸಬರಿಗೆ ಕೈ ಬಿಗಿ ಇರುತ್ತದೆ, ಅಲ್ಲಿನ ಕಾನೂನು ಗೊತ್ತಿರುವುದಿಲ್ಲ. ಪೊಲೀಸರು ಬಂದಾಗ ಸಿಗುವ ಹೆಸರು ನಿಮ್ಮದು. ಬ್ರಿಟನ್‌ನಲ್ಲಿ ಹೀಗೆ ಸಿಕ್ಕಿಬಿದ್ದವರ ಹೆಸರು ಸಿಫಾಸ್ ಅನ್ನುವ ವಂಚನೆ ತಡೆ ಸಂಸ್ಥೆಯ ದಾಖಲೆಗೆ ಹೋಗಿ ಆರು ವರ್ಷ ಉಳಿಯಬಹುದು, ಆ ಅವಧಿಯಲ್ಲಿ ಬೇರೆ ಬ್ಯಾಂಕಿನಲ್ಲೂ ಅಕೌಂಟ್, ಸಾಲ, ಕೆಲವೊಮ್ಮೆ ಫೋನ್ ಕರಾರು ಕೂಡ ಸಿಗುವುದು ಕಷ್ಟ. ಜಪಾನಿನಲ್ಲಿ ಅಕೌಂಟನ್ನೋ ಕಾರ್ಡನ್ನೋ ಇನ್ನೊಬ್ಬರಿಗೆ ಮಾರುವುದೇ ಅಪರಾಧ. ವೀಸಾ ಕೂಡ ಹೋಗಬಹುದು.

ಈಗಾಗಲೇ ಒಂದಷ್ಟು ದುಡ್ಡು ಬಂದುಬಿಟ್ಟಿದ್ದರೆ ಮುಂದಕ್ಕೆ ಕಳಿಸಬೇಡಿ, ಅವರಿಗೆ ವಾಪಸ್ ಕೂಡ ಕಳಿಸಬೇಡಿ. ಮುಟ್ಟದೆ ಇಟ್ಟು, ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ. ಅವರು ಕಳಿಸಿದ ಮೆಸೇಜುಗಳನ್ನು ಅಳಿಸಬೇಡಿ, ಅವೇ ನಿಮ್ಮ ಸಾಕ್ಷಿ. ವಿದ್ಯಾರ್ಥಿಯಾದರೆ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಗೂ ತಿಳಿಸಿ, ಒಬ್ಬರೇ ಇದನ್ನು ಹೊತ್ತುಕೊಂಡು ಕೂರಬೇಡಿ.

ಪ್ರಶ್ನೆ: ಕೆಲಸ ಮುಗಿದು ದೇಶ ಬಿಡುತ್ತಿದ್ದೇನೆ. ಅಕೌಂಟ್ ಮುಚ್ಚಿಯೇ ಹೋಗಬೇಕಾ?

ಉತ್ತರ: ಬರಬೇಕಾದ ದುಡ್ಡು ಬರುವವರೆಗೆ ಇರಲಿ. ಮನೆಯ ಅಡ್ವಾನ್ಸು, ಕೊನೆಯ ಸಂಬಳ, ತೆರಿಗೆ ವಾಪಸಾತಿ, ಇವು ನೀವು ಹೋದ ಎಷ್ಟೋ ತಿಂಗಳ ಮೇಲೆ ಬರಬಹುದು. ಆದರೆ ಹೊರಡುವ ಮುನ್ನ ಬ್ಯಾಂಕಿಗೆ ಹೊಸ ವಿಳಾಸ ಕೊಟ್ಟು, ದೇಶ ಬಿಟ್ಟವರು ಅಕೌಂಟ್ ಇಟ್ಟುಕೊಳ್ಳಬಹುದೇ ಅಂತ ಕೇಳಿ, ಎಲ್ಲ ಬ್ಯಾಂಕುಗಳೂ ಒಪ್ಪುವುದಿಲ್ಲ. ಒಟಿಪಿ ಬರುವ ಫೋನ್ ನಂಬರನ್ನು ಬದಲಾಯಿಸಿ, ಆಮೇಲೆ ಸಿಮ್ ಬಿಡಿ. ಈ ಎರಡನ್ನು ಹಿಂದುಮುಂದು ಮಾಡಿ ತಮ್ಮದೇ ಅಕೌಂಟಿನ ಹೊರಗೆ ನಿಂತವರ ಪತ್ರಗಳು ನನಗೆ ಬರುತ್ತಲೇ ಇವೆ. ಮುಚ್ಚುವುದು ಅಂತಾದರೆ, ತಾನಾಗಿ ಕಡಿತವಾಗುವ ಬಿಲ್ಲುಗಳನ್ನು ಒಂದೊಂದಾಗಿ ನಿಲ್ಲಿಸಿ, ಹಳೆಯ ಸ್ಟೇಟ್‌ಮೆಂಟುಗಳನ್ನು ಇಳಿಸಿಟ್ಟುಕೊಂಡು, ಅಕೌಂಟ್ ಮುಚ್ಚಿದೆ ಅನ್ನುವ ಪತ್ರ ಬರವಣಿಗೆಯಲ್ಲಿ ತೆಗೆದುಕೊಳ್ಳಿ.